ಅಪ್ಪನಿಗೆ ಮರೆವು ಇರಲಿಲ್ಲ

"ಆ ಮಕ್ಕಳಿಗೆ ಊಟ ಹಾಕಿದ್ಯಾ?" ಅಂತ ಅಪ್ಪ ಅಮ್ಮನನ್ನು ಕೇಳಿದ್ದು 2017ರಲ್ಲಿ, ದೀಪಾವಳಿ ಕಳೆದ ಮರುವಾರ. ಹಾಸನದ ನಮ್ಮ ಮನೆಯಲ್ಲಿ ಆಗ ಇದ್ದದ್ದು ನಾವು ಮೂವರೇ. ಅಪ್ಪ, ಅಮ್ಮ, ನಾನು. ನಡುಮನೆಯ ದಿವಾನದ ಪಕ್ಕ, ಗೋಡೆಗೆ ಒರಗಿಕೊಂಡು ಮೂರು ಮಕ್ಕಳು ಕೂತಿವೆ ಅಂದರು. ಒಂದು ಹುಡುಗಿ, ಎರಡು ಜಡೆ. "ಮಾತಾಡಲ್ಲ ಕಣವ್ವ, ಸುಮ್ನೆ ನೋಡ್ತವೆ." ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ. ಪಾಪ, ಹಸಿದಿರಬೇಕು ಅನ್ನುವ ಕನಿಕರ ಇತ್ತು.

ಅಮ್ಮ ನನ್ನ ಮುಖ ನೋಡಿದಳು. ನಾನು ದಿವಾನದ ಪಕ್ಕ ನೋಡಿದೆ. ಅಲ್ಲಿ ಇದ್ದದ್ದು ಒಗೆದು ಮಡಿಸದ ಬಟ್ಟೆಯ ರಾಶಿ.

ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಹಾಸನ, ಹಗರೆ, ಬೇಲೂರು, ಚಿಕ್ಕಮಗಳೂರು ಅಂತ ಎಷ್ಟೋ ವರ್ಷ ಓಡಾಡಿದವರು. 2010ರಲ್ಲಿ ನಿವೃತ್ತರಾದರು. ಆಮೇಲೂ ಯಾವ ಸ್ಟೇಜಿಂದ ಯಾವ ಸ್ಟೇಜಿಗೆ ಟಿಕೆಟ್ ಎಷ್ಟಿತ್ತು ಅಂತ ಕೇಳಿದರೆ ಹೇಳುತ್ತಿದ್ದರು. ನೆಂಟರ ಹೆಸರು, ಯಾರ ಮದುವೆ ಯಾವ ಛತ್ರದಲ್ಲಿ ಆಯಿತು, ಎಲ್ಲ ನೆನಪಿತ್ತು. ಹಾಗಾಗಿ ಅದು ಮರೆಗುಳಿ ಕಾಯಿಲೆ, ಅಂದರೆ ಡಿಮೆನ್ಷಿಯಾ, ಇರಬಹುದು ಅಂತ ನಮಗೆ ಹೊಳೆಯಲೇ ಇಲ್ಲ. ಹೆಸರೇ ಮರೆಗುಳಿ ಅಲ್ವಾ? ಮರೆವೇ ಇಲ್ಲದವರಿಗೆ ಅದು ಹೇಗೆ ಬರುತ್ತೆ? ನಮ್ಮ ಭಾಷೆಯಲ್ಲಿ ಈ ಕಾಯಿಲೆಗೆ ಇರುವ ಹೆಸರೇ ನಮ್ಮನ್ನು ಒಂದು ವರ್ಷ ಸುತ್ತಿಸಿತು ಅಂತ ನನಗೆ ಈಗಲೂ ಅನಿಸುತ್ತದೆ.

ನೆನಪು ಹೋಗುವುದು ಹೇಗಿರುತ್ತದೆ ಅಂತ ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಅರಸೀಕೆರೆಯಲ್ಲಿದ್ದ ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಆಗಲೇ ಮೂರು ವರ್ಷದಿಂದ ಆಲ್ಝೈಮರ್ ಅನ್ನುವ ಬಗೆಯ ಡಿಮೆನ್ಷಿಯಾದಲ್ಲಿ ಇದ್ದರು. "ಯಾವಾಗ ಬಂದ್ಯವ್ವ?" ಅಂತ ಕೇಳೋರು. "ಈಗ ಬಂದೆ ಅತ್ತೆ" ಅಂದರೆ ಸರಿ ಅನ್ನೋರು. ಐದು ನಿಮಿಷಕ್ಕೆ ಮತ್ತೆ, "ಯಾವಾಗ ಬಂದ್ಯವ್ವ?" ಬೆಳಿಗ್ಗೆ ತಿಂದ ರೊಟ್ಟಿ ನೆನಪಿಲ್ಲ, ತಮ್ಮ ಮದುವೆಯಲ್ಲಿ ಹೇಳಿದ ಸೋಬಾನೆ ಪದ ಅಕ್ಷರ ಬಿಡದಂತೆ ನೆನಪು. ನಮಗೆ ಡಿಮೆನ್ಷಿಯಾ ಅಂದರೆ ಅತ್ತೆ. ಅಪ್ಪ ಅತ್ತೆಯ ಹಾಗೆ ಇರಲಿಲ್ಲ.

ಅಮ್ಮ ತನಗೆ ತಿಳಿದದ್ದು ಮಾಡಿದಳು. ಗಾಳಿ ಸೋಕಿದೆ ಅಂತ ಯಾರೋ ಹೇಳಿದರು, ತಾಯತ ಕಟ್ಟಿಸಿದಳು. ಅವಳನ್ನು ನಾನು ಬೈಯಲಿಲ್ಲ. ಇಲ್ಲದ ಮಕ್ಕಳು ಕಾಣುತ್ತಿವೆ ಅಂದರೆ ಹಳ್ಳಿಯಲ್ಲಿ ಹುಟ್ಟಿದವಳು ಇನ್ನೇನು ಅಂದುಕೊಳ್ಳಬೇಕು? ನಾನು ಮಾಡಿದ್ದೇನು ದೊಡ್ಡದಿರಲಿಲ್ಲ. ಹತ್ತಿರದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅಪ್ಪನ ಬಲಗೈ ಸ್ವಲ್ಪ ನಡುಗುತ್ತಿತ್ತು, ಹೆಜ್ಜೆ ಚಿಕ್ಕದಾಗಿತ್ತು. ಮಕ್ಕಳ ವಿಷಯ ಹೇಳಿದಾಗ "ಅರವತ್ತಕ್ಕೆ ಅರಳು ಮರಳು ಅಂತಾರಲ್ಲಮ್ಮ" ಅಂತ ನಕ್ಕರು. ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಮಾತ್ರೆ ಬರೆದರು.

ಆ ಮಾತ್ರೆ ಶುರುವಾದ ಮೇಲೆ ಮೂರು ಮಕ್ಕಳಿದ್ದ ಕಡೆ ಬಸ್ಸಿನಷ್ಟು ಜನ ಆದರು. ಅಪ್ಪ ರಾತ್ರಿ ಎದ್ದು ನಡುಮನೆಯಲ್ಲಿ ನಿಂತು "ಮುಂದಕ್ಕೆ ಹೋಗಿ, ಒಳಗೆ ಜಾಗ ಇದೆ" ಅನ್ನೋರು. ಬಾಯಿ ಒಣಗುತ್ತಿತ್ತು, ಮೊದಲೇ ಇದ್ದ ಮಲಬದ್ಧತೆ ಇನ್ನೂ ಜಾಸ್ತಿ ಆಯಿತು. ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಒಂದಿದೆಯಂತೆ. ಗಮನ ನಿಲ್ಲುವುದಕ್ಕೆ ಅದು ಬೇಕು. ಅಪ್ಪನ ಕಾಯಿಲೆಯಲ್ಲಿ ಅದು ಮೊದಲೇ ಕಡಿಮೆಯಾಗಿರುತ್ತದೆ, ಈ ಮಾತ್ರೆ ಇರುವುದಕ್ಕೂ ಅಡ್ಡ ಹಾಕುತ್ತದೆ. ಇದೆಲ್ಲ ನಮಗೆ ಗೊತ್ತಾದದ್ದು ಎಷ್ಟೋ ತಿಂಗಳಾದ ಮೇಲೆ.

2018ರ ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂತು. ಉರಿಮೂತ್ರ. ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ರಾತ್ರಿ ಹೊತ್ತು ಡ್ರಿಪ್ ಕಿತ್ತು, "ಡಿಪೋಗೆ ಹೋಗ್ಬೇಕು, ವೇ ಬಿಲ್ ಕೊಡ್ಬೇಕು" ಅಂತ ಎದ್ದು ಹೊರಟರು. ತಡೆಯಲು ಬಂದ ಹುಡುಗನನ್ನು ತಳ್ಳಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಬಂದು ಒಂದು ಇಂಜೆಕ್ಷನ್ ಕೊಡಿಸಿದರು. ಹ್ಯಾಲೋಪೆರಿಡಾಲ್, ಕೆರಳಿದವರನ್ನು ಸುಮ್ಮನಾಗಿಸುವ ಔಷಧಿ. "ಮಲಗ್ತಾರೆ ಬಿಡಿ" ಅಂದರು. ಮರುದಿನ ಇನ್ನೊಂದು.

ಮೂರನೇ ದಿನ ಅಪ್ಪ ಮರದ ದಿಮ್ಮಿಯ ಹಾಗಿದ್ದರು. ಇದನ್ನು ಮಾತಿಗೆ ಹೇಳುತ್ತಿಲ್ಲ. ತೋಳು ಮಡಿಸಲು ಹೋದರೆ ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆದು ತಡೆದು ಬಗ್ಗುತ್ತಿತ್ತು. ಬಾಯಿಗೆ ಹಾಕಿದ ಗಂಜಿ ಬಾಯಲ್ಲೇ ಉಳಿಯುತ್ತಿತ್ತು. ಕಣ್ಣು ತೆರೆದಿದ್ದವು, ಮಿಟುಕಿಸುತ್ತಿರಲಿಲ್ಲ. ನಡೆದುಕೊಂಡು ಒಳಗೆ ಹೋದ ಮನುಷ್ಯ, ಹನ್ನೊಂದು ದಿನ ಆದ ಮೇಲೆ ಸ್ಟ್ರೆಚರಿನಲ್ಲಿ ಹೊರಗೆ ಬಂದರು. ಇಂಜೆಕ್ಷನ್ ಕೊಟ್ಟವರ ಮೇಲೆ ತುಂಬ ದಿನ ಸಿಟ್ಟಿತ್ತು. ಈಗ ಅಷ್ಟಿಲ್ಲ. ಅಪ್ಪನಿಗೆ ಏನಿದೆ ಅಂತ ಅವರಿಗೆ ಹೇಳಲು ನಮಗೇ ಗೊತ್ತಿರಲಿಲ್ಲವಲ್ಲ.

ಸ್ವಲ್ಪ ಚೇತರಿಸಿಕೊಂಡು, ಹಿಡಿದುಕೊಂಡರೆ ನಡೆಯುವ ಹಾಗಾದ ಮೇಲೆ ಬೆಂಗಳೂರಿಗೆ ಹೊರಟೆವು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ. ಬೆಳಗಿನ ಜಾವದ ಬಸ್ಸು. ಅಪ್ಪ ಸ್ಟಾಫು ಅಂತ ಗೊತ್ತಾಗಿ ಕಂಡಕ್ಟರು ಮುಂದಿನ ಸೀಟು ಬಿಡಿಸಿಕೊಟ್ಟರು. ನೆಲಮಂಗಲದವರೆಗೂ ಅಪ್ಪ ಅವರ ಟಿಕೆಟ್ ಮೆಷಿನ್ನನ್ನೇ ನೋಡುತ್ತಾ ಇದ್ದರು.

ಅಲ್ಲಿ ಕಾಯುವುದು ಅಂದರೆ ಕಾಯುವುದೇ. ಬುತ್ತಿ ಕಟ್ಟಿಕೊಂಡು ಹೋಗಿ, ಇಡೀ ದಿನ ಇಟ್ಟುಕೊಂಡೇ ಹೋಗಿ. ಆ ಬೆಂಚಿನ ಮೇಲೆ ನಾನು ಕಲಿತದ್ದೂ ಕಡಿಮೆ ಏನಲ್ಲ. ಪಕ್ಕದಲ್ಲಿ ಒಂದು ಜೋಡಿ ಇತ್ತು. ಗಂಡನಿಗೆ ಐವತ್ತೆಂಟು, ನೋಡಲು ಗಟ್ಟಿಮುಟ್ಟು. ನಮ್ಮ ಚೀಲದಿಂದ ಬಾಳೆಹಣ್ಣು ಕೇಳದೇ ತೆಗೆದು ತಿಂದರು. ಹೆಂಡತಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನುವಂತಾಯಿತು. ಎರಡು ವರ್ಷದಿಂದ ಹೀಗೇ ಅಂದರು. ಸಿಹಿ ಕಂಡರೆ ಬಿಡುವುದಿಲ್ಲ, ಯಾರೋ ಸತ್ತ ಮನೆಯಲ್ಲಿ ನಗುತ್ತಾರೆ, ಅಂಗಡಿಯಲ್ಲಿ ಹೆಂಗಸರ ಹತ್ತಿರ ಏನೇನೋ ಮಾತಾಡುತ್ತಾರೆ. ನೆನಪು ಮಾತ್ರ ಸರಿಯಾಗಿದೆ. "ಗುಣ ಕೆಟ್ಟಿದೆ ಅಂತ ನಮ್ಮ ಮಾವನೇ ಹೊಡೆದರು" ಅಂದರು ಆಕೆ, ತಲೆ ಬಗ್ಗಿಸಿ. ಅದು ಫ್ರಂಟೋಟೆಂಪೊರಲ್ ಡಿಮೆನ್ಷಿಯಾ. ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಮೆದುಳು ಮೊದಲು ಸವೆಯುತ್ತದೆ. ನಾಚಿಕೆ, ಸಂಕೋಚ, ಮಾತಿನ ಅಂಕೆ ಎಲ್ಲ ಇರುವುದು ಅಲ್ಲೇ. ಇದರಲ್ಲಿ ಕಾಯಿಲೆ ಬಂದವರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತೇ ಆಗುವುದಿಲ್ಲವಂತೆ. ಗೊತ್ತಾಗುವುದು ಪಕ್ಕದಲ್ಲಿ ಕೂತವರಿಗೆ.

ನಮ್ಮ ಸರದಿ ಬಂದಾಗ ಅಪ್ಪನಿಗೆ ಪರೀಕ್ಷೆ ಶುರುವಾಯಿತು. ಇವತ್ತು ಯಾವ ವಾರ, ಇದು ಯಾವ ಊರು. ಎಲ್ಲಾ ಸರಿ. ಮೂರು ಪದ ಹೇಳಿ ಆಮೇಲೆ ಕೇಳಿದರು, ಎರಡು ಹೇಳಿದರು. "ನೂರರಿಂದ ಏಳು ಕಳೀತಾ ಹೋಗಿ ಯಜಮಾನ್ರೇ" ಅಂದಾಗ ತೊಂಬತ್ತಮೂರು ಅಂದರು. ನಿಂತುಬಿಟ್ಟರು. ಬೇಲೂರು ಜಾತ್ರೆಯ ನೂಕುನುಗ್ಗಲಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು ಚಿಲ್ಲರೆ ಲೆಕ್ಕ ಹಾಕುತ್ತಿದ್ದವರು. ನನಗೆ ತಡೆಯಲಾಗಲಿಲ್ಲ. "ಅಪ್ಪ, ತೊಂಬತ್ತಮೂರು ಕೊಟ್ರು, ಟಿಕೆಟ್ ಏಳು ರೂಪಾಯಿ" ಅಂದೆ. "ಎಂಬತ್ತಾರು ವಾಪಸ್ಸು" ಅಂತ ಥಟ್ಟನೆ ಹೇಳಿ, "ಮುಂದಿನೋರು?" ಅಂದರು. ಡಾಕ್ಟರು ನಕ್ಕರು. ಹಾಗೆ ಹೇಳಿಕೊಡಬಾರದು ಅಂತ ನನಗೆ ಹೇಳಿದರು, ಅದೂ ಸರಿಯೇ.

ಆಮೇಲೆ ಗಡಿಯಾರ ಬರೆಯಲು ಕೊಟ್ಟರು. ವೃತ್ತ ಅವರೇ ಹಾಕಿಕೊಟ್ಟರು, ಅಪ್ಪ ಬರೀ ಅಂಕಿ, ಮುಳ್ಳು ಹಾಕಬೇಕು. ಹನ್ನೆರಡೂ ಅಂಕಿಗಳನ್ನು ಬಲಗಡೆಯೇ ಒತ್ತೊತ್ತಾಗಿ ತುಂಬಿದರು, ಸೀಟು ಸಿಗದವರು ಬಾಗಿಲ ಹತ್ತಿರ ನಿಂತ ಹಾಗೆ. ಮುಳ್ಳು ವೃತ್ತದ ಹೊರಗಿತ್ತು. ಒಂದರ ಮೇಲೊಂದು ಸೇರಿದ ಎರಡು ಐದು ಮೂಲೆಯ ಚಿತ್ರಗಳನ್ನು ನೋಡಿಕೊಂಡು ಬರೆಯಬೇಕಿತ್ತು, ಅದು ಆಗಲೇ ಇಲ್ಲ. ಮೂವತ್ತಕ್ಕೆ ಇಪ್ಪತ್ತೊಂದು ಬಂತು. ಹೋದದ್ದು ನೆನಪಿನ ಅಂಕ ಅಲ್ಲ ಅನ್ನುವುದನ್ನು ಡಾಕ್ಟರು ಬೆರಳಿಟ್ಟು ತೋರಿಸಿದರು.

ಅವರು ಅಮ್ಮನ ಕಡೆ ತಿರುಗಿ ಕೇಳಿದ ಒಂದು ಪ್ರಶ್ನೆ ನಾನು ಮರೆಯುವುದಿಲ್ಲ. "ಅಮ್ಮ, ಇವರು ನಿದ್ದೆಯಲ್ಲಿ ಕೂಗೋದು, ಕೈಕಾಲು ಬಡಿಯೋದು ಮಾಡ್ತಾರಾ?"

ಅಮ್ಮ ಬಿಟ್ಟಬಾಯಿ ಬಿಟ್ಟಂತೆ ಕೂತಳು. ನಿವೃತ್ತಿಗೂ ಎರಡು ವರ್ಷ ಮುಂಚಿನಿಂದ ಇತ್ತು ಅದು. ನಡುರಾತ್ರಿ "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗಿ ಎದ್ದು ಒದೆಯೋರು. ಒಂದು ಸಲ ಮಂಚದಿಂದ ಬಿದ್ದು ಹುಬ್ಬು ಒಡೆದಿತ್ತು. ಅಮ್ಮ ಆಗಿನಿಂದಲೇ ಚಾಪೆ ಹಾಕಿಕೊಂಡು ಬೇರೆ ಮಲಗುತ್ತಿದ್ದಳು. ಕೆಲಸದ ಒತ್ತಡ ಅಂದುಕೊಂಡಿದ್ದೆವು, ತಮಾಷೆಯನ್ನೂ ಮಾಡಿದ್ದೆವು. ಕನಸು ಕಾಣುವಾಗ ನಮ್ಮ ಮೈ ಸಡಿಲವಾಗಿ, ಅಲುಗದ ಹಾಗೆ ಇರಬೇಕು. ಆ ಚಿಲಕ ಕೆಟ್ಟರೆ ಕನಸಿನಲ್ಲಿ ಮಾಡಿದ್ದನ್ನೆಲ್ಲ ಮೈ ನಿಜವಾಗಿ ಮಾಡುತ್ತದೆ. ಈ ಕಾಯಿಲೆ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮುಂಚೆಯೇ ಹೀಗಾಗಬಹುದು. ವಾಸನೆ ಹೋಗುವುದೂ ಹಾಗೆ. ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಕಮಟು ತುಂಬಿದರೂ ಅಪ್ಪ ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅಮ್ಮ ಅದಕ್ಕೆ ಎಷ್ಟು ಸಲ ಜಗಳ ಆಡಿದ್ದಳೋ.

ರಕ್ತ ಪರೀಕ್ಷೆ, ಎಂಆರ್‌ಐ ಎಲ್ಲ ಆಯಿತು. ಥೈರಾಯ್ಡ್, ಬಿ 12, ಸೋಡಿಯಂ ನೋಡಿದರು. ಇವು ಕೆಟ್ಟಿದ್ದರೂ ಬುದ್ಧಿ ಮಂಕಾಗುತ್ತದೆ, ಅದನ್ನು ಸರಿ ಮಾಡಬಹುದು, ಅದಕ್ಕೇ ಮೊದಲು ಅದನ್ನೇ ನೋಡುವುದು. ನಮ್ಮದು ಅದಲ್ಲ. ಎರಡನೇ ಸಲ ಹೋದಾಗ ಹೆಸರು ಸಿಕ್ಕಿತು. ಲೂಯಿ ಬಾಡಿ ಡಿಮೆನ್ಷಿಯಾ.

ಡಾಕ್ಟರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದರು. ಅತ್ತೆಯ ಆಲ್ಝೈಮರ್‌ನಲ್ಲಿ ಹೊಸ ನೆನಪು ಕೂಡಿಡುವ ಭಾಗ ಮೊದಲು ಕುಗ್ಗುತ್ತದೆ. ಹಾಗಾಗಿ ಇವತ್ತಿನದು ಹೋಗುತ್ತದೆ, ಹಳೆಯದು ಉಳಿಯುತ್ತದೆ. 1906ರಲ್ಲಿ ಜರ್ಮನಿಯ ಆಲ್ಝೈಮರ್ ಅನ್ನುವ ಡಾಕ್ಟರು ಮೊದಲು ವಿವರಿಸಿದ್ದು ಅದನ್ನು. ಅಪ್ಪನದು ಬೇರೆ. ಆಲ್ಫಾ ಸಿನ್ಯೂಕ್ಲಿನ್ ಅನ್ನುವ ಪ್ರೋಟೀನು ಜೀವಕೋಶದ ಒಳಗೆ ಉಂಡೆ ಕಟ್ಟುತ್ತದೆ. 1912ರಲ್ಲಿ ಅದನ್ನು ಕಂಡ ಲೂಯಿ ಅನ್ನುವ ಡಾಕ್ಟರ ಹೆಸರೇ ಅದಕ್ಕೆ. ಕೈಕಾಲು ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ಕಾಯಿಲೆಯಲ್ಲೂ ಇದೇ ಉಂಡೆ. ನಡುಕ ಬಂದು ವರ್ಷಗಟ್ಟಲೆ ಆದ ಮೇಲೆ ಬುದ್ಧಿ ಕೆಟ್ಟರೆ ಪಾರ್ಕಿನ್ಸನ್ ಡಿಮೆನ್ಷಿಯಾ ಅಂತಾರೆ. ಬುದ್ಧಿ ಮೊದಲು ಕೆಟ್ಟರೆ, ಅಥವಾ ಎರಡೂ ಒಂದು ವರ್ಷದ ಒಳಗೆ ಬಂದರೆ ಲೂಯಿ ಬಾಡಿ. ಹಾಲಿವುಡ್ ನಟ ರಾಬಿನ್ ವಿಲಿಯಮ್ಸ್ 2014ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳಿನಲ್ಲಿ ಸಿಕ್ಕಿದ್ದೂ ಇದೇ ಅಂತ ಆಮೇಲೆ ಓದಿದೆ. ಬದುಕಿದ್ದಾಗ ಅವರಿಗೂ ಈ ಹೆಸರು ಗೊತ್ತಾಗಿರಲಿಲ್ಲ. ಅಲ್ಲಿಯವರಿಗೇ ಹಾಗಾದರೆ ನಮ್ಮದೇನು ಅಂತ ಒಂಥರಾ ಸಮಾಧಾನ.

ನಮ್ಮ ಬೀದಿಯ ಗಾರೆ ಮೇಸ್ತ್ರಿ ಇದ್ದರು, ಅವರದು ಇನ್ನೊಂದು ಬಗೆ, ವ್ಯಾಸ್ಕುಲರ್, ಅಂದರೆ ಮೆದುಳಿಗೆ ರಕ್ತ ಸರಿಯಾಗಿ ಹೋಗದೆ ಬರುವುದು. ಬಿಪಿ, ಸಕ್ಕರೆ ಎರಡೂ ಜಾಸ್ತಿ, ಮಾತ್ರೆ ಬಿಟ್ಟು ಬಿಟ್ಟು ತಗೊಳ್ಳೋರು. ಒಂದು ಸಣ್ಣ ಪಾರ್ಶ್ವವಾಯು ಆದಾಗ ಒಂದು ಮೆಟ್ಟಿಲು ಇಳಿದರು. ಆರು ತಿಂಗಳು ಹಾಗೇ ಇದ್ದರು. ಮತ್ತೊಂದು ಆಯಿತು, ಮತ್ತೊಂದು ಮೆಟ್ಟಿಲು. ಎರಡು ಬಗೆ ಒಬ್ಬರಿಗೇ ಇರುವುದೂ ಉಂಟಂತೆ. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾದಲ್ಲಿದ್ದಾರೆ ಅಂತ 2023ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಬಗೆ ಯಾವುದು ಅಂತ ಹೇಳಿಸಿಕೊಂಡು ಬಂದವರು ಅವರಲ್ಲಿ ಎಷ್ಟು ಮಂದಿ ಇದ್ದಾರೋ.

ಯಾಕೆ ಇದನ್ನು ಹಿಡಿದು ಹೇಳುತ್ತೇನೆ ಅಂದರೆ, ಬಗೆ ಗೊತ್ತಾದ ಅವತ್ತೇ ನಮ್ಮ ಮನೆಯ ಮದ್ದು ಬದಲಾಯಿತು. ನಡುಕದ ಆ ಮಾತ್ರೆ ನಿಂತಿತು. ಅಸಿಟೈಲ್‌ಕೋಲಿನ್ ಉಳಿಸಿಕೊಡುವ ರೈವಾಸ್ಟಿಗ್ಮಿನ್ ಶುರುವಾಯಿತು. ನಡಿಗೆಗೆ ಲೆವೊಡೋಪಾ, ಅದೂ ತೀರಾ ಕಮ್ಮಿ, ಜಾಸ್ತಿ ಆದರೆ ಮತ್ತೆ ಜನ ಕಾಣುತ್ತಾರೆ. ಕಾಯಿಲೆ ವಾಸಿ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದರು. ಆದರೆ ಎರಡು ತಿಂಗಳಲ್ಲಿ ಬಸ್ಸು ಖಾಲಿಯಾಗಿ ಮೊದಲಿನ ಮೂರು ಮಕ್ಕಳು ಮಾತ್ರ ಉಳಿದವು. ಡಾಕ್ಟರು ಕೊನೆಗೆ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದುಕೊಟ್ಟರು. ಲೂಯಿ ಬಾಡಿ ಇದೆ, ಹ್ಯಾಲೋಪೆರಿಡಾಲ್ ಕೊಡಬೇಡಿ ಅಂತ. ಈ ಕಾಯಿಲೆಯವರಿಗೆ ಅಂಥ ಔಷಧಿ ಜೀವಕ್ಕೇ ಕುತ್ತು ತರಬಹುದು. ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಒಂದನ್ನು ಫ್ರಿಜ್ಜಿಗೆ ಅಂಟಿಸಿದೆ, ಒಂದು ನನ್ನ ಪರ್ಸಿನಲ್ಲಿ, ಒಂದು ಅಪ್ಪನ ಜೇಬಿನಲ್ಲಿ. ಆಮೇಲೆ ಎರಡು ಸಲ ಆಸ್ಪತ್ರೆಗೆ ಹೋದಾಗ ಮೊದಲು ಕೊಟ್ಟದ್ದು ಅದನ್ನೇ.

ಮನೆಯನ್ನೂ ಸ್ವಲ್ಪ ಬದಲಾಯಿಸಿದೆವು. ದೊಡ್ಡ ದೊಡ್ಡ ಹೂವಿನ ಕಿಟಕಿ ಪರದೆ ಇತ್ತು, ಅಪ್ಪನಿಗೆ ಆ ಹೂಗಳೆಲ್ಲ ಮುಖಗಳು. ತೆಗೆದು ಬಿಳಿಯದು ಹಾಕಿದೆವು. ಒಗೆದ ಬಟ್ಟೆ ರಾಶಿ ಬಿಡುವುದು ನಿಲ್ಲಿಸಿದೆವು. ಸಂಜೆ ಕತ್ತಲಾಗುವ ಮುಂಚೆಯೇ ಲೈಟು. ಬಚ್ಚಲಿನ ಮೆಟ್ಟಿಲಿಗೆ ಹಳದಿ ಟೇಪು, ಯಾಕೆಂದರೆ ಅವರಿಗೆ ಮೆಟ್ಟಿಲಿನ ಆಳ ತಿಳಿಯುತ್ತಿರಲಿಲ್ಲ. ಮಂಚದಿಂದ ಏಳುವಾಗ ಬಿಪಿ ಸರಕ್ಕನೆ ಇಳಿಯುತ್ತಿತ್ತು. ಕೂತು, ಐವತ್ತು ಎಣಿಸಿ, ಆಮೇಲೆ ಏಳಬೇಕು. ಎಣಿಸುವ ಕೆಲಸ ಅಪ್ಪನಿಗೇ ಕೊಟ್ಟೆ. ಪಿಂಚಣಿ ಬ್ಯಾಂಕಿನಲ್ಲಿ ಸಹಿ ತಾಳೆಯಾಗದೆ ಮೂರು ಸಲ ವಾಪಸು ಕಳಿಸಿದರು, ಅಕ್ಷರ ಇರುವೆಯಷ್ಟು ಚಿಕ್ಕದಾಗಿತ್ತು. ಕೊನೆಗೆ ಹೆಬ್ಬೆಟ್ಟಿಗೆ ಬದಲಾಯಿಸಿದೆವು. ಅವತ್ತು ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮಕ್ಕಳ ವಿಷಯದಲ್ಲಿ ವಾದ ಮಾಡುವುದನ್ನು ಬಿಟ್ಟೆವು. "ಇಲ್ಲ" ಅಂದರೆ ಸುಳ್ಳು ಹೇಳ್ತಿದ್ದೀರ ಅಂತ ಅಪ್ಪನಿಗೆ ಸಿಟ್ಟು. "ಹೌದು, ಇದಾರೆ" ಅಂದರೆ ನಮಗೆ ಸುಳ್ಳು. "ನಂಗೆ ಕಾಣ್ತಿಲ್ಲ ಅಪ್ಪ, ನಿಂಗೆ ಕಾಣ್ತಿದ್ರೆ ಇರ್ಲಿ ಬಿಡು, ತೊಂದ್ರೆ ಮಾಡ್ತಿಲ್ವಲ್ಲ" ಅನ್ನುವುದನ್ನು ಕಲಿತೆ. ಒಳ್ಳೆಯ ದಿನಗಳಲ್ಲಿ ಅಪ್ಪನೇ, "ಇವು ನಿಜವಲ್ಲ ಅಂತ ಗೊತ್ತು ಕಣವ್ವ, ಆದ್ರೂ ನೋಡ್ತಾ ಕೂತವೆ" ಅನ್ನೋರು.

ಒಳ್ಳೆಯ ದಿನ, ಕೆಟ್ಟ ದಿನ ಅನ್ನುವುದು ಇದರಲ್ಲಿ ತುಂಬ. ಸೋಮವಾರ ಪೇಪರ್ ಓದಿ ರಾಜಕೀಯ ಬೈದವರು ಮಂಗಳವಾರ ಅಂಗಿಯ ಗುಂಡಿ ಹಾಕಲಾರರು. ಬೆಂಗಳೂರಿನ ನನ್ನ ತಮ್ಮ ಫೋನ್ ಮಾಡಿದಾಗೆಲ್ಲ ಅಪ್ಪ ಹತ್ತು ನಿಮಿಷ ಚೆನ್ನಾಗಿ ಮಾತಾಡಿಬಿಡೋರು. "ಅಕ್ಕ, ನೀನು ಸುಮ್ನೆ ಜಾಸ್ತಿ ಹೇಳ್ತೀಯ" ಅಂದಿದ್ದ ಅವನು. ನಾನು ವಾದ ಮಾಡಲಿಲ್ಲ. ದಸರಾ ರಜೆಗೆ ಬಂದವನನ್ನು ನಾಲ್ಕು ರಾತ್ರಿ ಅಪ್ಪನ ಕೋಣೆಯಲ್ಲಿ ಮಲಗಿಸಿದೆ. ಐದನೇ ದಿನ ಅವನೇ ಔಷಧಿ ಪಟ್ಟಿ ಬರೆದುಕೊಳ್ಳುತ್ತಿದ್ದ.

ಅಮ್ಮನ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಕಷ್ಟದ್ದು. ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟರೆ ಅಪ್ಪ ಅವಳ ಮುಖವನ್ನೇ ನೋಡಿ, "ನೀನು ಅವಳ ಥರಾನೇ ಇದೀಯ, ಆದ್ರೆ ಅವಳಲ್ಲ. ಅವಳೆಲ್ಲಿ?" ಅಂದರು. ಊಟ ಮುಟ್ಟಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದವಳು. ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ, ಏನು ತೋಚಿತೋ, ಅಲ್ಲಿಂದಲೇ ಕೂಗಿದಳು. "ರೀ, ಮಜ್ಜಿಗೆಗೆ ಉಪ್ಪು ಹಾಕ್ಲಾ?"

"ಹಾಕು, ಹಾಕು" ಅಂದರು ಅಪ್ಪ. "ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು? ಇಲ್ಯಾರೋ ಬಂದು ಕೂತಿದ್ರು."

ಕಣ್ಣು ಮೋಸ ಮಾಡಿದರೂ ಕಿವಿ ಮೋಸ ಮಾಡುತ್ತಿರಲಿಲ್ಲ. ಅಂದಿನಿಂದ ಅಮ್ಮ ಕೋಣೆಗೆ ಬರುವ ಮುಂಚೆ ಬಾಗಿಲಾಚೆಯಿಂದಲೇ ಮಾತು ಶುರು ಮಾಡುತ್ತಾಳೆ. ಈ ಉಪಾಯ ಅವಳಿಗೆ ಯಾವ ಡಾಕ್ಟರೂ ಹೇಳಿಕೊಟ್ಟದ್ದಲ್ಲ. ಅವಳಿಗೇ ನಿದ್ದೆ ಕೆಟ್ಟು ಕೆಟ್ಟು ಒಂದು ದಿನ ಬಚ್ಚಲಲ್ಲಿ ಕೂತು ಅಳುತ್ತಿದ್ದಾಗ ನಾನು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದಳು. ಏನು ಮಾತಾಡಿದಳು ಅಂತ ಇವತ್ತಿಗೂ ನನಗೆ ಹೇಳಿಲ್ಲ.

ಅದಕ್ಕೂ ಹಿಂದಿನ ವರ್ಷ ಸಂಕ್ರಾಂತಿಗೆ ಅರಸೀಕೆರೆಯಿಂದ ಅತ್ತೆಯನ್ನು ಕರೆದುಕೊಂಡು ಬಂದಿದ್ದರು. ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿ ಎಷ್ಟೋ ಕಾಲ ಆಗಿತ್ತು. ದಿವಾನದ ಮೇಲೆ ಅಕ್ಕಪಕ್ಕ ಕೂರಿಸಿದೆವು. ಅಪ್ಪನಿಗೆ ಅಕ್ಕನ ಗುರುತು ಸಿಕ್ಕಿತು. ಅತ್ತೆಗೆ ತಮ್ಮನದು ಸಿಗಲಿಲ್ಲ, ಆದರೂ ಕೈ ಹಿಡಿದುಕೊಂಡೇ ಇದ್ದರು. "ಯಾವಾಗ ಬಂದ್ಯಪ್ಪ?" ಅಂದರು. "ನಾನು ಇಲ್ಲೇ ಇರದು ಅಕ್ಕ, ನೀನು ಬಂದಿರದು" ಅಂದರು ಅಪ್ಪ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಅಪ್ಪ ಮತ್ತೆ ಅದೇ ಉತ್ತರ, ಬೇಜಾರಿಲ್ಲದೆ, ಸ್ಟಾಪಿನ ಹೆಸರು ಹೇಳಿದ ಹಾಗೆ.

ಆಮೇಲೆ ಅಪ್ಪ ಗೋಡೆ ಕಡೆ ತೋರಿಸಿ, "ನೋಡಕ್ಕ, ಈ ಮಕ್ಕಳು ಹೋಗದೇ ಇಲ್ಲ" ಅಂದರು.

ನಾವೆಲ್ಲ ಸುಮ್ಮನಾದೆವು. ಅತ್ತೆ ಬಗ್ಗಿ, ಕಣ್ಣು ಕಿರಿದು ಮಾಡಿ, ಗೋಡೆಯನ್ನು ಚೆನ್ನಾಗಿ ನೋಡಿದರು. "ಅಯ್ಯೋ ಪಾಪ, ಯಾರ ಮನೆಯವೋ" ಅಂದರು. ತಮ್ಮ ಮಡಿಲಲ್ಲಿದ್ದ ತಟ್ಟೆಯಿಂದ ಒಂದು ಹಿಡಿ ಎಳ್ಳುಬೆಲ್ಲ ತೆಗೆದು, "ತಗಳ್ರವ್ವ, ಒಳ್ಳೆ ಮಾತಾಡಿ" ಅಂತ ಗೋಡೆಯ ಬುಡಕ್ಕೆ ಹಾಕಿದರು. ಅಪ್ಪ ಅದನ್ನು ನೋಡಿ ತುಂಬ ದಿನದ ಮೇಲೆ ನಕ್ಕರು. "ತಿಂತಾವೆ, ತಿಂತಾವೆ" ಅಂದರು. ಅತ್ತೆ ಇನ್ನೊಂದು ಹಿಡಿ ಹಾಕಿದರು.

ಸಂಜೆ ಅಲ್ಲಿಗೆ ಇರುವೆ ಸಾಲು ಬಂತು. ಗುಡಿಸುತ್ತೀನಿ ಅಂತ ಪೊರಕೆ ತಂದರೆ, "ಇರ್ಲಿ ಬಿಡೆ, ನಾಳೆ ಗುಡಿಸಿದ್ರಾಯ್ತು" ಅಂದಳು ಅಮ್ಮ.